ಅಮೋಸ್ ಅಲಾಂಜೊ ಸ್ಟ್ಯಾಗ್

ಸ್ಟ್ಯಾಗ್, ಅಮೋಸ್ ಅಲಾಂಜೊ : 1862-1965. ಅಮೆರಿಕದ ಕಾಲೇಜು ಫುಟ್‌ಬಾಲ್ ಮತ್ತು ಬೇಸ್‌ಬಾಲ್ ತರಬೇತುದಾರ, ಆಟದ ನಿಯಮಗಳನ್ನು ರೂಪಿಸಿದವರಲ್ಲಿ ಪ್ರಮುಖ, ಕ್ರೀಡಾ ಆಡಳಿತಗಾರ. ಶಿಕಾಗೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು 1892ರಿಂದ 1932ರವರೆಗೆ 41 ಋತುಗಳ ಕಾಲ ನಡೆಸಿದ. ಅದೇ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೂ ಸುಮಾರು ಎರಡು ದಶಕ ಗುರುವಾಗಿದ್ದ. ಮುಖ್ಯ ತರಬೇತುದಾರನಾಗಿ ಫುಟ್‌ಬಾಲಿನಲ್ಲಿ ಈತ ಗಳಿಸಿದ ಗೆಲುವುಗಳು 314. ಇಲ್ಲಿ ಫುಟ್‌ಬಾಲ್ ಎಂದರೆ ರಗ್ಬಿಯಿಂದ ಕವಲೊಡೆದ ಅಮೆರಿಕನ್ ಆಟ: ಪಕ್ಷವೊಂದಕ್ಕೆ ಹನ್ನೊಂದು ಜನ, ಮೊಟ್ಟೆಯಾಕಾರದ ಚೆಂಡು, ಅದನ್ನು ಹೊತ್ತೋ ಎಸೆದೋ ಎದುರಾಳಿಯ ಗೆರೆ ದಾಟಿಸುವುದು ಗುರಿ.

ನ್ಯೂಜೆರ್ಸಿ ರಾಜ್ಯದ ವೆಸ್ಟ್ ಆರೆಂಜ್‌ನಲ್ಲಿ 1862ರ ಆಗಸ್ಟ್ 16ರಂದು ಜನನ. ತಂದೆ ಚಮ್ಮಾರಿಕೆಯಿಂದ ದೊಡ್ಡ ಸಂಸಾರವನ್ನು ಸಾಕುತ್ತಿದ್ದ. ಎಂಟು ಮಕ್ಕಳಲ್ಲಿ ಈತ ಐದನೆಯವ. ಬಡತನದ ಕಾರಣ ಶಾಲೆಯ ಓದು ತಡವಾಯಿತು. ನ್ಯೂಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಯಲ್ಲಿ ಓದುವಾಗ ಊಟಕ್ಕೂ ಲೆಕ್ಕ ಹಾಕಿ ಖರ್ಚು ಮಾಡಬೇಕಾದ ಸ್ಥಿತಿ ಇತ್ತು. 1884ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದ. ಕ್ರೈಸ್ತ ಧರ್ಮೋಪದೇಶಕನಾಗಬೇಕೆಂಬ ಸಂಕಲ್ಪ ಆಗ ಗಟ್ಟಿಯಾಗಿತ್ತು. ಪದವಿ ಪಡೆದ ಮೇಲೂ ಅಲ್ಲಿನ ಧರ್ಮಶಾಸ್ತ್ರ ವಿಭಾಗದಲ್ಲಿ ಓದು ಮುಂದುವರಿಸಿದ.

ಯೇಲ್‌ನಲ್ಲಿ ಹೆಸರು ತಂದುಕೊಟ್ಟದ್ದು ಮೊದಲು ಬೇಸ್‌ಬಾಲ್. ಈತ ಪಿಚರ್, ಬ್ಯಾಟು ಹಿಡಿದವನಿಗೆ ಚೆಂಡೆಸೆಯುವ, ತಂಡದ ಸೋಲುಗೆಲುವಿನ ಭಾರವನ್ನೆಲ್ಲ ಹೊರುವ ಆಟಗಾರ. ಈತನ ಕಾಲದಲ್ಲಿ ಯೇಲ್ ತಂಡ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ತಂಡಗಳನ್ನು ಹಿಂದಿಕ್ಕಿ ಐದು ಬಾರಿ ಪ್ರಶಸ್ತಿ ಗೆದ್ದಿತು. 1888ರಲ್ಲಿ ಪ್ರಿನ್ಸ್‌ಟನ್ ವಿರುದ್ಧದ ಒಂದು ಪಂದ್ಯದಲ್ಲಿ ಇಪ್ಪತ್ತು ಬ್ಯಾಟರ್‌ಗಳನ್ನು ಚೆಂಡು ಮುಟ್ಟಗೊಡದೆ ಹೊರಗಟ್ಟಿದ. ವೃತ್ತಿಪರ ತಂಡಗಳು ಬೆನ್ನು ಹತ್ತಿದವು. ನ್ಯೂಯಾರ್ಕ್ ತಂಡ ಒಂದು ಋತುವಿಗೆ 4,200 ಡಾಲರ್ ಕೊಡುವುದಾಗಿ ಹೇಳಿತು. ಚಮ್ಮಾರನ ಮಗನಿಗೆ ಅದು ಕನಸಿನ ಮೊತ್ತ. ಸ್ಟ್ಯಾಗ್ ಒಪ್ಪಲಿಲ್ಲ. ಅಂದಿನ ವೃತ್ತಿಪರ ಬೇಸ್‌ಬಾಲಿಗೆ ಮದ್ಯದಂಗಡಿಯ ನಂಟು ಅಂಟಿಕೊಂಡಿತ್ತು; ಧರ್ಮೋಪದೇಶಕ್ಕೆ ಹೊರಟವನಿಗೆ ಆ ಸಹವಾಸ ಸಲ್ಲದೆಂಬುದು ಈತನ ನಿಲುವು. ಹಣಕ್ಕಾಗಿ ಆಡುವುದರ ಬಗೆಗಿನ ಈ ವಿರೋಧ ಕೊನೆಯವರೆಗೂ ಸಡಿಲಲಿಲ್ಲ. ಮುಂದೆ ವೃತ್ತಿಪರ ಫುಟ್‌ಬಾಲ್ ತಲೆಯೆತ್ತಿದಾಗಲೂ ಅದನ್ನು ಕಟುವಾಗಿ ಟೀಕಿಸಿದ.

ಫುಟ್‌ಬಾಲಿನಲ್ಲಿ ಈತ ಸಾಲಿನ ಅಂಚಿನಲ್ಲಿ ನಿಲ್ಲುವ ‘ಎಂಡ್’ ಆಗಿ ಆಡಿದ. ಅಮೆರಿಕನ್ ಫುಟ್‌ಬಾಲಿನ ಜನಕನೆಂದು ಹೆಸರಾದ ವಾಲ್ಟರ್ ಕ್ಯಾಂಪ್‌ನ ಗರಡಿಯಲ್ಲಿ ಪಳಗಿದ 1888ರ ಯೇಲ್ ತಂಡ 13 ಪಂದ್ಯಗಳನ್ನೂ ಗೆದ್ದು 698 ಅಂಕ ಗಳಿಸಿತು. ಎದುರಾಳಿಗಳಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಮರುವರ್ಷ ಮೊದಲ ಬಾರಿಗೆ ಪ್ರಕಟವಾದ ಅಖಿಲ ಅಮೆರಿಕ ತಂಡದ ಹನ್ನೊಂದು ಹೆಸರುಗಳಲ್ಲಿ ಸ್ಟ್ಯಾಗ್‌ನದೂ ಒಂದು. ಎದುರಾಳಿಯನ್ನು ಹಿಡಿದು ಕೆಡವುವ ಅಭ್ಯಾಸಕ್ಕೆ ಹಾಸಿಗೆಯನ್ನು ಸುರುಳಿ ಸುತ್ತಿ ನೇತುಹಾಕಿ ಗೊಂಬೆಯಂತೆ ಬಳಸುವ ಉಪಾಯ ಈತನಿಗೆ ಹೊಳೆದದ್ದು ಯೇಲ್‌ನಲ್ಲಿದ್ದಾಗಲೇ. ಇಂಥ ಗೊಂಬೆ ಇಲ್ಲದ ಫುಟ್‌ಬಾಲ್ ಮೈದಾನ ಈಗ ಅಮೆರಿಕದಲ್ಲಿ ಇಲ್ಲವೆಂದೇ ಹೇಳಬೇಕು.

ವೇದಿಕೆಯ ಮೇಲೆ ಮಾತು ಈತನಿಗೆ ಒಲಿಯಲಿಲ್ಲ. ಒಳ್ಳೆಯ ಉಪದೇಶಕ ತಾನಾಗಲಾರೆ, ಹುಡುಗರನ್ನು ತಿದ್ದುವ ಕೆಲಸವನ್ನು ಮೈದಾನದಲ್ಲೇ ಮಾಡಬಲ್ಲೆ ಎಂದು ಮನಗಂಡು 1890ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆ ಸೇರಿದ. ಅಲ್ಲಿ ಕಟ್ಟಿದ ಪುಟ್ಟ ತಂಡದಲ್ಲಿ ನಡುವಿನ ಜಾಗಕ್ಕೆ ನಿಂತವನು ಜೇಮ್ಸ್ ನೇಸ್ಮಿತ್. ಇದೇ ನೇಸ್ಮಿತ್ 1891ರ ಡಿಸೆಂಬರಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದ. ಸಾರ್ವಜನಿಕರ ಮುಂದೆ ಆ ಆಟದ ಮೊದಲ ಪಂದ್ಯ 1892ರ ಮಾರ್ಚ್ 11ರಂದು ನಡೆದಾಗ ವಿದ್ಯಾರ್ಥಿಗಳು ಅಧ್ಯಾಪಕರನ್ನು 5-1ರಿಂದ ಸೋಲಿಸಿದರು. ಅಧ್ಯಾಪಕರ ಪಾಲಿನ ಆ ಒಂದು ಅಂಕ ಸ್ಟ್ಯಾಗ್‌ನದು. ದಕ್ಷಿಣ ಭಾರತದ ವ್ಯಾಯಾಮ ಶಿಕ್ಷಣದ ಬೇರೂ ಈ ಸಂಸ್ಥೆಯವರೆಗೆ ಚಾಚಿದೆ. ಅಲ್ಲಿ ಕಲಿತು ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ.

ಶಿಕಾಗೊ ವಿಶ್ವವಿದ್ಯಾಲಯವನ್ನು ಕಟ್ಟಲು ಹೊರಟಿದ್ದ ವಿಲಿಯಂ ರೇನಿ ಹಾರ್ಪರ್ ಹೀಬ್ರೂ ವಿದ್ವಾಂಸ. ಯೇಲ್‌ನಲ್ಲಿ ಸ್ಟ್ಯಾಗ್‌ಗೆ ಪಾಠ ಹೇಳಿದವನು. ಜಾನ್ ರಾಕ್‌ಫೆಲರ್‌ನ ಹಣ ಬೆನ್ನಿಗಿದ್ದರೂ ಹೊಸ ವಿಶ್ವವಿದ್ಯಾಲಯದ ಹೆಸರು ಜನರ ಕಿವಿಗೆ ಬೀಳಬೇಕಾದರೆ ಆಟದ ತಂಡ ಬೇಕೆಂದು ಆತ ಬಲ್ಲ. ಮೊದಲು 1,500 ಡಾಲರ್ ಸಂಬಳ ಹೇಳಿದ, ಬಳಿಕ 2,000, ಕಡೆಗೆ 2,500 ಡಾಲರ್, ಜತೆಗೆ ಸಹ ಪ್ರಾಧ್ಯಾಪಕನ ಹುದ್ದೆ, ಅದೂ ಖಾಯಂ. ಅಂದು ಕಾಲೇಜು ತಂಡಗಳಿಗೆ ಕಲಿಸುತ್ತಿದ್ದವರು ಬಹುಮಟ್ಟಿಗೆ ಹಳೆಯ ವಿದ್ಯಾರ್ಥಿಗಳು. ಋತುವಿನಲ್ಲಿ ಬಂದು ಹೋಗುವರು, ಮರುವರ್ಷ ಇನ್ನೊಬ್ಬ. ದೈಹಿಕ ಶಿಕ್ಷಣವನ್ನು ಒಂದು ವಿಭಾಗವೆಂದು ಮಾಡಿ, ಅದರ ಮುಖ್ಯಸ್ಥನಿಗೆ ಉಳಿದ ಪ್ರಾಧ್ಯಾಪಕರ ಸಾಲಿನಲ್ಲಿ ಪೀಠ ಕೊಟ್ಟದ್ದು ಹೊಸ ಮಾತು. ಈ ವಿಭಾಗದ ಹಣಕಾಸಿನ ಬಗ್ಗೆ ಸ್ಟ್ಯಾಗ್ ನೇರವಾಗಿ ಅಧ್ಯಕ್ಷನಿಗೆ ಉತ್ತರ ಹೇಳುತ್ತಿದ್ದನೇ ಹೊರತು ಬೇರೆ ಯಾರಿಗೂ ಅಲ್ಲ. ಸ್ಟ್ಯಾಗ್‌ನ ಹೆಸರಿನಲ್ಲಿ ದಾಖಲಾದ ಎಲ್ಲ ಹೊಸತುಗಳಿಗಿಂತ ದೂರಗಾಮಿಯಾದದ್ದು ಈ ಹುದ್ದೆಯೇ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ತರಬೇತುದಾರ ಎಂಬ ವೃತ್ತಿ ಬೇರೂರಿದ್ದು ಇಲ್ಲಿಂದ. ಆ ವೃತ್ತಿಯ ಬಲ ಮತ್ತು ಕೇಡು ಎರಡೂ ಇಲ್ಲೇ ಮೊಳೆತವು.

ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು 1892ರ ಅಕ್ಟೋಬರ್ 1ರಂದು. ಅದೇ ದಿನ ವಾಷಿಂಗ್ಟನ್ ಪಾರ್ಕಿನಲ್ಲಿ ಫುಟ್‌ಬಾಲ್ ಅಭ್ಯಾಸವೂ ಶುರುವಾಯಿತು. ತಂಡಕ್ಕೆ ಸಾಕಷ್ಟು ಹುಡುಗರಿಲ್ಲದೆ ಮೂವತ್ತರ ತರಬೇತುದಾರ ತಾನೇ ಆಡಲಿಳಿದ. ಮೊದಮೊದಲ ಎದುರಾಳಿಗಳು ಊರಿನ ಪ್ರೌಢಶಾಲೆಗಳ ತಂಡಗಳು. ವ್ಯಾಪಾರಿ ಮಾರ್ಷಲ್ ಫೀಲ್ಡ್ ಬಿಟ್ಟುಕೊಟ್ಟ ನೆಲದಲ್ಲಿ ಮೈದಾನ ಸಿದ್ಧವಾದಾಗ ಬೇಲಿ ಹಾಕುವ ಕೆಲಸಕ್ಕೂ ಸ್ಟ್ಯಾಗ್ ವಿದ್ಯಾರ್ಥಿಗಳೊಂದಿಗೆ ಕೈಹಚ್ಚಿದ. 1894ರಲ್ಲಿ ವಿದ್ಯಾರ್ಥಿನಿ ಸ್ಟೆಲ್ಲಾ ರಾಬರ್ಟ್‌ಸನ್‌ಳನ್ನು ಮದುವೆಯಾದ. ಪಂದ್ಯ ನಡೆಯುವಾಗ ಆಟದ ಪ್ರತಿಯೊಂದು ನಡೆಯನ್ನೂ ನಕ್ಷೆಯಲ್ಲಿ ಗುರುತಿಸುವ ಕೆಲಸವನ್ನು ಆಕೆ ದಶಕಗಳ ಕಾಲ ಮಾಡಿದಳು. ಈತನ ಯಶಸ್ಸಿನಲ್ಲಿ ಆಕೆಯ ಪಾಲು ದೊಡ್ಡದು. ದಾಖಲೆಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಮದುವೆಯಾದ ವರ್ಷದ ಕೊನೆಗೆ ಶಿಕಾಗೊ ತಂಡ ರೈಲಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ ಕ್ರಿಸ್ಮಸ್ ದಿನ ಸ್ಟ್ಯಾನ್‌ಫರ್ಡ್ ತಂಡವನ್ನು 24-4ರಿಂದ ಸೋಲಿಸಿತು. ಅಷ್ಟು ದೂರ ಹೋಗಿ ಆಡುವ ಪದ್ಧತಿ ಕಾಲೇಜು ತಂಡಗಳಿಗೆ ಅಲ್ಲಿಯವರೆಗೆ ಇರಲಿಲ್ಲ. 1896ರ ಕೃತಜ್ಞತಾ ದಿನದಂದು ಶಿಕಾಗೊದ ಕೊಲಿಸಿಯಂ ಸಭಾಂಗಣದ ಸೂರಿನಡಿ, ವಿದ್ಯುದ್ದೀಪದ ಬೆಳಕಿನಲ್ಲಿ ಮಿಷಿಗನ್ ವಿರುದ್ಧ ಪಂದ್ಯ ನಡೆಯಿತು. ಕ್ಲಾರೆನ್ಸ್ ಹರ್ಷ್‌ಬರ್ಗರ್ ಒದ್ದ ಚೆಂಡು ಕಂಬಗಳ ನಡುವೆ ಹಾಯ್ದು ಶಿಕಾಗೊ 7-6ರಿಂದ ಗೆದ್ದಿತು. ಎರಡು ವರ್ಷದ ತರುವಾಯ ಇದೇ ಹರ್ಷ್‌ಬರ್ಗರ್ ವಾಲ್ಟರ್ ಕ್ಯಾಂಪ್ ಆರಿಸಿದ ಅಖಿಲ ಅಮೆರಿಕ ತಂಡಕ್ಕೆ ಸೇರಿ, ಪೂರ್ವ ಕರಾವಳಿಯ ಕಾಲೇಜುಗಳ ಏಕಸ್ವಾಮ್ಯವನ್ನು ಮುರಿದ. 1896ರಲ್ಲೇ ಏಳು ಮಧ್ಯಪಶ್ಚಿಮ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ವೆಸ್ಟರ್ನ್ ಕಾನ್ಫರೆನ್ಸ್ ಮುಂದೆ ‘ಬಿಗ್ ಟೆನ್’ ಎಂದು ಪ್ರಸಿದ್ಧವಾಯಿತು. ಅದರಲ್ಲಿ ಸ್ಟ್ಯಾಗ್‌ನ ತಂಡ 1899, 1905, 1907, 1908, 1913, 1922 ಮತ್ತು 1924ರಲ್ಲಿ ಪ್ರಶಸ್ತಿ ಗೆದ್ದಿತು.

ಬೇಸ್‌ಬಾಲ್ ತರಬೇತಿಯನ್ನು ಸ್ಟ್ಯಾಗ್ 1893ರಲ್ಲಿ ಆರಂಭಿಸಿ, 1906ರ ಒಂದು ಋತುವನ್ನು ಬಿಟ್ಟು 1913ರವರೆಗೆ ನಡೆಸಿದ; 266 ಗೆಲುವುಗಳು ಆ ಲೆಕ್ಕದಲ್ಲಿವೆ. ಮಳೆ ಚಳಿಗಳಲ್ಲಿ ಒಳಾಂಗಣದಲ್ಲಿ ಬಲೆಯೊಳಗೆ ನಿಂತು ಬ್ಯಾಟಿಂಗ್ ಅಭ್ಯಾಸ ಮಾಡುವ ಪದ್ಧತಿಯ ಶ್ರೇಯವನ್ನು ಈತನಿಗೆ ಸಲ್ಲಿಸುವುದು ವಾಡಿಕೆ. ಶಿಕಾಗೊದ ಬೇಸ್‌ಬಾಲ್ ಸಾಗರ ದಾಟಿದ್ದು 1910ರಲ್ಲಿ. ಟೋಕಿಯೊದ ವಸೇದಾ ವಿಶ್ವವಿದ್ಯಾಲಯದ ಆಹ್ವಾನದ ಮೇರೆಗೆ ತಂಡ ಜಪಾನಿಗೆ ಹೋಗಿ ಅಲ್ಲಿನ ಯಾವ ಪಂದ್ಯವನ್ನೂ ಸೋಲದೆ ಮರಳಿತು. ಮರುವರ್ಷ ವಸೇದಾ ತಂಡ ಅಮೆರಿಕಕ್ಕೆ ಬಂದಿತು. ಫುಟ್‌ಬಾಲಿನ ಅಬ್ಬರದಲ್ಲಿ ಈ ಅಧ್ಯಾಯವನ್ನು ಮರೆಯುವವರೇ ಹೆಚ್ಚು. ಎರಡು ದೇಶಗಳ ವಿದ್ಯಾರ್ಥಿಗಳನ್ನು ಆಟದ ಮೂಲಕ ಹತ್ತಿರ ತಂದ ಈ ವಿನಿಮಯ ಹೆಚ್ಚಿನ ಗಮನಕ್ಕೆ ಯೋಗ್ಯವಾದದ್ದು.

ಫುಟ್‌ಬಾಲ್ ತಂತ್ರದಲ್ಲಿ ಸ್ಟ್ಯಾಗ್ ಮಾಡಿದ ಕೆಲಸವನ್ನು ತಿಳಿಯಲು ಅಂದಿನ ಆಟದ ಸ್ವರೂಪ ಗೊತ್ತಿರಬೇಕು. ಮೂರು ಸರದಿಗಳಲ್ಲಿ ಐದು ಗಜ ಮುನ್ನಡೆದರೆ ಚೆಂಡು ಕೈಯಲ್ಲೇ ಉಳಿಯುತ್ತಿತ್ತು. ಹಾಗಾಗಿ ಚೆಂಡು ಹಿಡಿದವನ ಸುತ್ತ ಎಲ್ಲರೂ ಒತ್ತಾಗಿ ಕೂಡಿ, ಕೋಟೆಯ ಬಾಗಿಲಿಗೆ ದಿಮ್ಮಿ ಗುದ್ದಿದಂತೆ ಎದುರಿನ ಸಾಲಿಗೆ ನುಗ್ಗುವುದೇ ಆಟವಾಗಿತ್ತು. ಮೂಳೆ ಮುರಿಯುವುದು ಸಾಮಾನ್ಯ, ಸಾವು ಅಪರೂಪವಲ್ಲ. ಸ್ಟ್ಯಾಗ್ ಯೇಲ್‌ನ ಒಡನಾಡಿ ಹೆನ್ರಿ ವಿಲಿಯಮ್ಸ್ ಜತೆ 1893ರಲ್ಲಿ ಪ್ರಕಟಿಸಿದ ಪುಸ್ತಕ ಆಟದ ನಡೆಗಳನ್ನು ರೇಖಾಚಿತ್ರಗಳ ಮೂಲಕ ವಿವರಿಸಿದ ಮೊದಲ ಗ್ರಂಥಗಳಲ್ಲಿ ಒಂದು. ಚೆಂಡು ಆಟಕ್ಕೆ ಬರುವ ಮುನ್ನವೇ ಒಬ್ಬ ಆಟಗಾರ ಅಡ್ಡಲಾಗಿ ಚಲಿಸುವುದು, ಅಂಚಿನವನು ಹಿಂದಿನಿಂದ ಸುತ್ತಿ ಬಂದು ಚೆಂಡು ಒಯ್ಯುವುದು, ಪ್ರತಿ ನಡೆಗೆ ಮುನ್ನ ವೃತ್ತಾಕಾರವಾಗಿ ಕೂಡಿ ಗುಟ್ಟಾಗಿ ಮಾತಾಡಿಕೊಳ್ಳುವುದು ಮುಂತಾದ ಹಲವು ಪದ್ಧತಿಗಳನ್ನು ಈತನಿಗೆ ಆರೋಪಿಸಲಾಗಿದೆ. ಇವುಗಳಲ್ಲಿ ಕೆಲವಕ್ಕೆ ಬೇರೆ ಹಕ್ಕುದಾರರೂ ಇದ್ದಾರೆ. ಒಂದೇ ಕಾಲದಲ್ಲಿ ಹಲವರು ಹಲವು ಕಡೆ ಪ್ರಯೋಗ ನಡೆಸುತ್ತಿದ್ದಾಗ ಯಾರು ಮೊದಲಿಗರೆಂದು ತೀರ್ಮಾನಿಸುವುದು ಕಷ್ಟ. ಬಲಕ್ಕಿಂತ ಚಲನೆಗೆ, ಗುದ್ದಾಟಕ್ಕಿಂತ ಮರೆಮೋಸಕ್ಕೆ ಈತ ಬೆಲೆ ಕೊಟ್ಟ ಎನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ಈತನ ವೃತ್ತಿಜೀವನದ ಶಿಖರ 1905ರ ನವೆಂಬರ್ 30. ಫೀಲ್ಡಿಂಗ್ ಯೋಸ್ಟ್‌ನ ಮಿಷಿಗನ್ ತಂಡ ಅಲ್ಲಿಗೆ 56 ಪಂದ್ಯಗಳಲ್ಲಿ ಸೋಲು ಕಂಡಿರಲಿಲ್ಲ. ಆ ಋತುವಿನಲ್ಲಂತೂ ಯಾರಿಗೂ ಒಂದಂಕ ಬಿಟ್ಟಿರಲಿಲ್ಲ. ಶಿಕಾಗೊದ ಮೈದಾನದಲ್ಲಿ ಸುಮಾರು 27,000 ಪ್ರೇಕ್ಷಕರು ನೆರೆದಿದ್ದರು. ಶಿಕಾಗೊದ ಕ್ವಾರ್ಟರ್‌ಬ್ಯಾಕ್ ವಾಲ್ಟರ್ ಎಕರ್ಸಾಲ್ ಕುಳ್ಳ, ಹಗುರ ಮೈಯವನು, ಆದರೆ ಚೆಂಡನ್ನು ದೂರಕ್ಕೆ ಒದೆಯುವುದರಲ್ಲಿ ಸಾಟಿಯಿಲ್ಲದವನು. ಒಂದು ಹಂತದಲ್ಲಿ ತನ್ನದೇ ಗುರಿಗೆರೆಯ ಹಿಂದೆ ಸಿಕ್ಕಿಬಿದ್ದಾಗ ಚೆಂಡನ್ನು ಒದೆಯುವವನಂತೆ ನಟಿಸಿ, ನುಗ್ಗಿ ಬಂದವರನ್ನು ತಪ್ಪಿಸಿ ಓಡಿ ತಂಡವನ್ನು ಉಳಿಸಿದ. ಎರಡನೆಯ ಅರ್ಧದಲ್ಲಿ ಅವನೊದ್ದ ಚೆಂಡು ಮಿಷಿಗನ್‌ನ ಗುರಿಗೆರೆಯಾಚೆ ಬಿತ್ತು. ಅದನ್ನು ಹಿಡಿದ ಡೆನ್ನಿ ಕ್ಲಾರ್ಕ್ ಅಲ್ಲೇ ನಿಲ್ಲದೆ ಹೊರಗೋಡಲು ಯತ್ನಿಸಿದ. ಶಿಕಾಗೊದ ಇಬ್ಬರು ಅವನನ್ನು ಹಿಡಿದು ಗೆರೆಯ ಹಿಂದಕ್ಕೆ ಕೆಡವಿದರು. ಆ ‘ಸೇಫ್ಟಿ’ಗೆ ಎರಡು ಅಂಕ. ಪಂದ್ಯ ಮುಗಿದಾಗಲೂ 2-0.

ಅದೇ ಋತು ಆಟದ ಸಂಕಟಕಾಲವೂ ಆಗಿತ್ತು. ಮೈದಾನದ ಸಾವುಗಳಿಂದ ಕಳವಳಗೊಂಡ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪೂರ್ವದ ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದ. ಕೆಲವು ಕಾಲೇಜುಗಳು ಆಟವನ್ನೇ ಕೈಬಿಟ್ಟವು. 1904ರಿಂದ ನಿಯಮ ಸಮಿತಿಯಲ್ಲಿದ್ದ ಸ್ಟ್ಯಾಗ್ 1906ರ ಸುಧಾರಣೆಗಳಲ್ಲಿ ಪಾಲ್ಗೊಂಡ. ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್‌ಗೆ ಅನುಮತಿ ಸಿಕ್ಕಿತು, ಮೂರು ಸರದಿಗಳಲ್ಲಿ ಸಾಗಬೇಕಾದ ದೂರ ಐದರಿಂದ ಹತ್ತು ಗಜಕ್ಕೆ ಏರಿತು, ಎರಡು ಸಾಲುಗಳ ನಡುವೆ ಖಾಲಿ ಜಾಗ ಬಿಡಬೇಕಾಯಿತು. ಎಸೆತ ತಪ್ಪಿದರೆ ಕಠಿಣ ದಂಡವಿದ್ದ ಕಾರಣ ಬಹಳ ತರಬೇತುದಾರರು ಹೊಸ ಅವಕಾಶವನ್ನು ಮುಟ್ಟಲು ಹಿಂಜರಿದರು. ಸ್ಟ್ಯಾಗ್ ಮೊದಲ ವರ್ಷವೇ ಎಸೆತದ 64 ನಡೆಗಳನ್ನು ಸಿದ್ಧಪಡಿಸಿದ್ದಾಗಿ ಹೇಳಿಕೊಂಡಿದ್ದಾನೆ. ಇತ್ತ ವೆಸ್ಟರ್ನ್ ಕಾನ್ಫರೆನ್ಸ್‌ನ ಅಧ್ಯಾಪಕರು ಋತುವಿಗೆ ಐದೇ ಪಂದ್ಯ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅವಕಾಶವಿಲ್ಲ, ಒಬ್ಬನಿಗೆ ಮೂರೇ ಋತು ಎಂಬ ಕಟ್ಟುಪಾಡು ತಂದರು. ಇದಕ್ಕೆ ಬಗ್ಗದೆ ಮಿಷಿಗನ್ ಕೂಟದಿಂದ ಹೊರನಡೆಯಿತು. ಸ್ಟ್ಯಾಗ್ ಒಳಗೇ ಉಳಿದು 1907, 1908ರಲ್ಲಿ ಮತ್ತೆ ಗೆದ್ದ.

ಸ್ಟ್ಯಾಗ್ ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ಕೆಟ್ಟ ಮಾತಾಡುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿದರೆ ಆಟಗಾರನನ್ನು ಕತ್ತೆ ಎಂದು ಬೈಯುವುದೇ ಕೊನೆ. ಬೆನ್ನುನೋವು ಕಾಡಿದ ವರ್ಷಗಳಲ್ಲಿ ವಾಹನದಲ್ಲಿ ಕುಳಿತೇ ಅಭ್ಯಾಸ ನಡೆಸಿದ. ನಿಯಮದ ಅಕ್ಷರಕ್ಕೂ ಆಶಯಕ್ಕೂ ಈತ ಎಷ್ಟು ಬದ್ಧನಾಗಿದ್ದನೆಂಬುದಕ್ಕೆ 1922ರ ಅಕ್ಟೋಬರ್ 28ರ ಪ್ರಿನ್ಸ್‌ಟನ್ ಪಂದ್ಯವನ್ನು ಉದಾಹರಿಸುತ್ತಾರೆ. 18-7ರಿಂದ ಮುಂದಿದ್ದ ಶಿಕಾಗೊ ಕೊನೆಯ ಭಾಗದಲ್ಲಿ 21-18ರಿಂದ ಹಿಂದೆ ಬಿದ್ದು, ಅಂತಿಮ ನಿಮಿಷಗಳಲ್ಲಿ ಎದುರಾಳಿಯ ಗೆರೆಯ ಹತ್ತಿರಕ್ಕೆ ಬಂದಿತ್ತು. ಬದಲಿ ಆಟಗಾರನ ಮೂಲಕ ಎಸೆತದ ಸೂಚನೆ ಕಳುಹಿಸೋಣವೆಂದು ಸಹಾಯಕ ಫ್ರಿಟ್ಜ್ ಕ್ರೈಸ್ಲರ್ ಕೇಳಿದಾಗ, ಬದಲಿಯವನನ್ನು ಸಂದೇಶ ಒಯ್ಯಲು ಬಳಸುವುದನ್ನು ನಿಯಮ ಸಮಿತಿ ಮೆಚ್ಚುವುದಿಲ್ಲವೆಂದು ಸ್ಟ್ಯಾಗ್ ನಿರಾಕರಿಸಿದ. ಶಿಕಾಗೊ ನೇರವಾಗಿ ನುಗ್ಗಿ ಗೆರೆ ಮುಟ್ಟಲಾರದೆ ಸೋತಿತು. ದೂರದ ನ್ಯೂಯಾರ್ಕಿನಲ್ಲಿ ಜನ ಈ ಪಂದ್ಯದ ವರದಿಯನ್ನು ರೇಡಿಯೊದಲ್ಲಿ ಕೇಳಿದರು. ಎರಡು ವರ್ಷದ ನಂತರ ರೆಡ್ ಗ್ರೇಂಜ್‌ನ ಬಲಾಢ್ಯ ಇಲಿನಾಯ್ ತಂಡದೊಂದಿಗೆ 21-21ರ ಸಮಬಲ ಸಾಧಿಸಿದ್ದು ಸ್ಟ್ಯಾಗ್‌ನ ಶಿಕಾಗೊ ತಂಡದ ಕೊನೆಯ ದೊಡ್ಡ ಸಾಹಸ.

ಈ ಶೀಲವಂತಿಕೆಯ ಜತೆಗೇ ಇನ್ನೊಂದು ಮುಖವನ್ನೂ ಹೇಳದೆ ಇರಲಾಗದು. ಪ್ರೌಢಶಾಲೆಗಳ ಪ್ರತಿಭಾವಂತರನ್ನು ಸೆಳೆಯಲು ಸ್ಟ್ಯಾಗ್ ಮೊದಲಿಗರಲ್ಲೊಬ್ಬನಾಗಿ ವ್ಯವಸ್ಥಿತ ದಾರಿ ಕಂಡುಕೊಂಡ. 1902ರಿಂದ ಅಂತರಶಾಲಾ ಅಥ್ಲೆಟಿಕ್ ಕೂಟ, 1917ರಿಂದ ರಾಷ್ಟ್ರೀಯ ಅಂತರಶಾಲಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಶಿಕಾಗೊದಲ್ಲೇ ನಡೆಯುತ್ತಿದ್ದವು. ದೇಶದ ಒಳ್ಳೆಯ ಹುಡುಗರು ವಿಶ್ವವಿದ್ಯಾಲಯದ ಅಂಗಳಕ್ಕೆ ತಾವಾಗಿ ಬಂದಂತಾಗುತ್ತಿತ್ತು. ಎಕರ್ಸಾಲ್‌ನಂಥ ತಾರೆ ಹಲವು ವರ್ಷ ಆಡಿಯೂ ಪದವಿ ಪಡೆಯದೆ ಹೊರಬಿದ್ದ. ಆಟದ ಆದಾಯದ ಮೇಲೆ ಸ್ಟ್ಯಾಗ್‌ಗೆ ಇದ್ದ ಹಿಡಿತವನ್ನು ಇತರ ವಿಭಾಗದವರು ಆಕ್ಷೇಪಿಸುತ್ತ ಬಂದರು. ಹವ್ಯಾಸಿ ಆಟದ ಆದರ್ಶವನ್ನು ಮನಸಾರೆ ನಂಬಿದವನೇ ಕಾಲೇಜು ಆಟವನ್ನು ದೊಡ್ಡ ಉದ್ಯಮವಾಗಿಸುವ ಯಂತ್ರವನ್ನೂ ಕಟ್ಟಿದ. ಅಮೆರಿಕದ ವಿಶ್ವವಿದ್ಯಾಲಯಗಳು ಈ ಇಕ್ಕಟ್ಟಿನಿಂದ ಇನ್ನೂ ಹೊರಬಂದಿಲ್ಲ.

ಇತರ ಕ್ರೀಡೆಗಳಲ್ಲೂ ಈತನ ಕೈಯಿತ್ತು. ಶಿಕಾಗೊದ ಓಟಗಾರರನ್ನು 1900ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕರೆದೊಯ್ದ. 1906ರಿಂದ 1932ರವರೆಗೆ ಅಮೆರಿಕದ ಒಲಿಂಪಿಕ್ ಸಮಿತಿಯಲ್ಲಿದ್ದ. 1927ರಲ್ಲಿ ವೆಸ್ಲಿ ಸ್ಟೌಟ್ ಜತೆ ಬರೆದ ‘ಟಚ್‌ಡೌನ್’ ಎಂಬ ಆತ್ಮವೃತ್ತಾಂತ ಪ್ರಕಟವಾಯಿತು.

ಶಿಕಾಗೊ ವಿಶ್ವವಿದ್ಯಾಲಯದ ಹೊಸ ಅಧ್ಯಕ್ಷ ರಾಬರ್ಟ್ ಹಚಿನ್ಸ್‌ಗೆ ಕಾಲೇಜು ಫುಟ್‌ಬಾಲಿನಲ್ಲಿ ಒಲವಿರಲಿಲ್ಲ. ಎಪ್ಪತ್ತಕ್ಕೆ ನಿವೃತ್ತಿ ಎಂಬ ನಿಯಮವನ್ನು 1932ರಲ್ಲಿ ಸ್ಟ್ಯಾಗ್‌ಗೂ ಅನ್ವಯಿಸಿದ. ಬೇರೆ ಹುದ್ದೆ ಕೊಡುವ ಮಾತು ಬಂತಾದರೂ ತರಬೇತಿ ಬಿಟ್ಟು ಕುರ್ಚಿಯಲ್ಲಿ ಕೂರಲು ಈತ ಒಪ್ಪದೆ, ಕ್ಯಾಲಿಫೋರ್ನಿಯದ ಸ್ಟಾಕ್ಟನ್‌ನಲ್ಲಿದ್ದ ಕಾಲೇಜ್ ಆಫ್ ದ ಪೆಸಿಫಿಕ್‌ನ ತಂಡ ವಹಿಸಿಕೊಂಡ. ಅಲ್ಲಿ 14 ಋತು ಕಳೆದ. ಗೆಲುವಿಗಿಂತ ಸೋಲೇ ಹೆಚ್ಚಾದರೂ ನೆನಪಿಡಬೇಕಾದ ದಿನಗಳಿದ್ದವು. 1938ರಲ್ಲಿ ತನ್ನದೇ ಹೆಸರಿನ ಶಿಕಾಗೊ ಮೈದಾನಕ್ಕೆ ಪೆಸಿಫಿಕ್ ತಂಡದೊಂದಿಗೆ ಬಂದು ಹಳೆಯ ವಿಶ್ವವಿದ್ಯಾಲಯವನ್ನು 32-0ರಿಂದ ಸೋಲಿಸಿದ. 1943ರಲ್ಲಿ ನೌಕಾಪಡೆಯ ತರಬೇತಿಗೆಂದು ಬಂದಿದ್ದ ಯುವಕರಿಂದ ಬಲಗೊಂಡ ತಂಡ ಕ್ಯಾಲಿಫೋರ್ನಿಯದ ದೊಡ್ಡ ತಂಡಗಳನ್ನು ಮಣಿಸಿತು. 81ನೆಯ ವಯಸ್ಸಿನಲ್ಲಿ ಸ್ಟ್ಯಾಗ್ ವರ್ಷದ ತರಬೇತುದಾರನೆಂದು ಆಯ್ಕೆಯಾದ. 1946ರ ನಂತರ ಪೆನ್ಸಿಲ್ವೇನಿಯದ ಸಸ್ಕ್ವೆಹಾನ ವಿಶ್ವವಿದ್ಯಾಲಯದಲ್ಲಿ ತರಬೇತುದಾರನಾಗಿದ್ದ ಮಗ ಅಮೋಸ್ ಅಲಾಂಜೊ ಕಿರಿಯನಿಗೆ 1952ರವರೆಗೆ ಜತೆಯಾದ. ಬಳಿಕ ಸ್ಟಾಕ್ಟನ್‌ಗೆ ಮರಳಿ ಅಲ್ಲಿನ ಜೂನಿಯರ್ ಕಾಲೇಜಿನ ಹುಡುಗರಿಗೆ ಚೆಂಡೊದೆಯುವುದನ್ನು ಕಲಿಸುತ್ತ 1960ರಲ್ಲಿ, 98ನೆಯ ವಯಸ್ಸಿನಲ್ಲಿ ವಿರಮಿಸಿದ. ಸ್ಟೆಲ್ಲಾ 1964ರಲ್ಲಿ ತೀರಿಕೊಂಡಳು. ಸ್ಟ್ಯಾಗ್ 1965ರ ಮಾರ್ಚ್ 17ರಂದು ಸ್ಟಾಕ್ಟನ್‌ನಲ್ಲಿ ನಿಧನನಾದ.

ಆಟಗಾರ ಮತ್ತು ತರಬೇತುದಾರ ಎರಡೂ ನೆಲೆಗಳಲ್ಲಿ 1951ರಲ್ಲಿ ಕಾಲೇಜು ಫುಟ್‌ಬಾಲ್ ಕೀರ್ತಿಭವನಕ್ಕೆ, 1959ರಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಈತನ ಆಯ್ಕೆಯಾಯಿತು. ಈತನ ಕೈಯಲ್ಲಿ ಪಳಗಿದವರಲ್ಲಿ ಮುಂದೆ ಮಿಷಿಗನ್‌ಗೆ ಕೀರ್ತಿ ತಂದ ಕ್ರೈಸ್ಲರ್, ನೋಟರ್‌ಡೇಮ್ ತಂಡವನ್ನು ಎತ್ತರಕ್ಕೊಯ್ದ ಜೆಸ್ಸಿ ಹಾರ್ಪರ್ ಇದ್ದಾರೆ. ಫುಟ್‌ಬಾಲಿನ 314 ಗೆಲುವು, 199 ಸೋಲು, 35 ಸಮಬಲದ ಲೆಕ್ಕದಲ್ಲಿ ಗೆಲುವಿನ ಸಂಖ್ಯೆಯನ್ನು ಅಲಬಾಮದ ಬೇರ್ ಬ್ರಯಂಟ್ 1981ರಲ್ಲಿ ದಾಟಿದ.

ಸ್ಟ್ಯಾಗ್ ಹೋದ ಮೇಲೆ ಶಿಕಾಗೊ ತಂಡ ಕುಸಿಯಿತು. 1939ರಲ್ಲಿ ಮಿಷಿಗನ್ ವಿರುದ್ಧ 85-0ರಿಂದ ಸೋತ ಬಳಿಕ, ಆ ವರ್ಷದ ಕೊನೆಗೆ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ಖಾಲಿ ಉಳಿದ ಸ್ಟ್ಯಾಗ್ ಫೀಲ್ಡ್‌ನ ಪಶ್ಚಿಮ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಮಾನವ ನಿರ್ಮಿತ ಮೊದಲ ನಿಯಂತ್ರಿತ ಪರಮಾಣು ಸರಪಣಿ ಕ್ರಿಯೆಯನ್ನು ಸಾಧಿಸಿದರು. ಆ ಜಾಗದಲ್ಲಿ ಈಗ ರೀಗನ್‌ಸ್ಟೈನ್ ಗ್ರಂಥಾಲಯವೂ ಹೆನ್ರಿ ಮೂರ್‌ನ ಕಂಚಿನ ಶಿಲ್ಪವೂ ಇವೆ. ಫುಟ್‌ಬಾಲ್ 1969ರಲ್ಲಿ ಶಿಕಾಗೊಗೆ ಮರಳಿತು. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳ ಮೂರನೆಯ ವಿಭಾಗದಲ್ಲಿ ಆ ತಂಡ ಆಡುತ್ತದೆ. 1973ರಿಂದ ಆ ವಿಭಾಗದ ರಾಷ್ಟ್ರೀಯ ಅಂತಿಮ ಪಂದ್ಯದ ಹೆಸರು ಸ್ಟ್ಯಾಗ್ ಬೌಲ್.